ಮುಖಕ್ಕೆ ಹಚ್ಚುವ ಕ್ರೀಮ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮುಖ ತೊಳೆದು, ಒರೆಸಿಕೊಂಡು, ಏನೂ ಹಚ್ಚದೆ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಜನವರಿ, ಫೆಬ್ರವರಿ ತಿಂಗಳಾದರೆ ಕೆನ್ನೆ ಬಿಗಿಯತೊಡಗುತ್ತದೆ. ನಕ್ಕರೆ ಬಾಯಿಯ ಪಕ್ಕ ಚುರ್ರೆನ್ನುತ್ತದೆ. ಕನ್ನಡಿಯ ಹತ್ತಿರ ಹೋದರೆ ಕಣ್ಣಿನ ಕೆಳಗೆ ನಿನ್ನೆ ಕಾಣದಿದ್ದ ಸಣ್ಣ ಗೆರೆಗಳು. ಒಂದಿಷ್ಟು ಕ್ರೀಮ್ ಸವರಿದರೆ ಆ ಗೆರೆಗಳು ಸ್ವಲ್ಪ ಹೊತ್ತಿನಲ್ಲೇ ಮಾಯ. ಜಾಹೀರಾತಿನವರು 'ಹಚ್ಚುವ ಮೊದಲು, ಹಚ್ಚಿದ ಮೇಲೆ' ಎಂದು ಎರಡು ಫೋಟೊ ಹಾಕಿ ಸುಕ್ಕು ಹೋಯಿತು ಎನ್ನುವುದು ಬಹಳ ಸಲ ಇದನ್ನೇ ತೋರಿಸಿ. ಆದರೆ ಒಣಗಿದ ಚರ್ಮದ ಗೆರೆ ಬೇರೆ, ಸುಕ್ಕು ಬೇರೆ. ಹುಟ್ಟುವ ಜಾಗ ಬೇರೆ, ಕಾರಣ ಬೇರೆ, ಮದ್ದೂ ಬೇರೆ. ಇದೊಂದು ಗೊತ್ತಾದರೆ ಕ್ರೀಮಿಗೆ ಸುರಿಯುವ ದುಡ್ಡಿನಲ್ಲಿ ಅರ್ಧವಾದರೂ ಉಳಿಯುತ್ತದೆ.

ಕೂದಲಿಗಿಂತ ತೆಳುವಾದ ಗೋಡೆ

ಚರ್ಮದ ತೀರಾ ಹೊರಗಿನ ಪದರದಲ್ಲಿ ಇರುವುದು ಸತ್ತ ಕೋಶಗಳು. ಸುಮಾರು 15ರಿಂದ 20 ಸಾಲು ಚಪ್ಪಟೆ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ, ಅಷ್ಟೇ. ತಲೆಗೂದಲು ಇದಕ್ಕಿಂತ ದಪ್ಪ. ಅಂಗಾಲಿನಲ್ಲಿ ಈ ಪದರ ಚೆನ್ನಾಗಿ ದಪ್ಪಗಿರುತ್ತದೆ. ಮುಖದಲ್ಲಿ ತೆಳು, ಕಣ್ಣಿನ ರೆಪ್ಪೆಯ ಮೇಲಂತೂ ತೀರಾ ತೆಳು. ಚಳಿಗಾಲದಲ್ಲಿ ಮೊದಲು ಉರಿಯುವುದು ಅಲ್ಲೇ.

ಚರ್ಮದ ವಿಜ್ಞಾನಿಗಳು ಈ ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಕೊಬ್ಬು ಗಾರೆ. ಈ ಗಾರೆಯಲ್ಲಿ ಹತ್ತಿರಹತ್ತಿರ ಅರ್ಧ ಭಾಗ ಸೆರಮೈಡ್ ಎಂಬ ಕೊಬ್ಬು, ಕಾಲು ಭಾಗ ಕೊಲೆಸ್ಟ್ರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನ ಆಮ್ಲಗಳು. ರಕ್ತ ಪರೀಕ್ಷೆಯ ಕಾಗದದಲ್ಲಿ ನೋಡಿ ಗಾಬರಿಯಾಗುವ ಅದೇ ಕೊಲೆಸ್ಟ್ರಾಲ್ ಇಲ್ಲಿ ಇರಲೇಬೇಕು. ಇಟ್ಟಿಗೆಗಳ ಒಳಗೂ ನೀರನ್ನು ಹಿಡಿದುಕೊಳ್ಳುವ ಸರಕಿದೆ: ಅಮೈನೋ ಆಮ್ಲಗಳು, ಯೂರಿಯಾ, ಲ್ಯಾಕ್ಟಿಕ್ ಆಮ್ಲದ ಲವಣಗಳು. ಇವೆಲ್ಲ ನಮ್ಮ ಮೈ ತಾನೇ ತಯಾರಿಸಿಕೊಳ್ಳುವಂಥವು.

ಮೈಯೊಳಗಿನ ನೀರು ಈ ಗೋಡೆ ದಾಟಿ ಹೊರಗಿನ ಗಾಳಿಗೆ ಹೋಗುತ್ತಲೇ ಇರುತ್ತದೆ. ಇದು ಬೆವರಲ್ಲ. ಬೆವರದೆ ಫ್ಯಾನ್ ಕೆಳಗೆ ತಣ್ಣಗೆ ಮಲಗಿದ್ದರೂ ಹೋಗುತ್ತದೆ. ಗಾರೆ ಗಟ್ಟಿಯಿದ್ದರೆ ಹೋಗುವುದು ಸ್ವಲ್ಪ, ಬಿರುಕು ಬಿಟ್ಟಿದ್ದರೆ ಜಾಸ್ತಿ. ಹೊರಗಿನ ಗಾಳಿ ಒಣಗಿದ್ದರೆ ಆ ಪದರ ಇನ್ನೂ ಬೇಗ ಒಣಗುತ್ತದೆ. ಅದರಲ್ಲಿನ ನೀರಿನ ಅಂಶ ಶೇ. 10ಕ್ಕಿಂತ ಕೆಳಗೆ ಬಂದರೆ ಪದರ ಬಾಗುವುದಿಲ್ಲ, ಮುರಿಯುತ್ತದೆ. ನಾವು ಮುಖ ಒಡೆದಿದೆ, ಹೊಟ್ಟು ಏಳುತ್ತಿದೆ, ತುಟಿ ಸಿಪ್ಪೆ ಸುಲಿಯುತ್ತಿದೆ ಎನ್ನುವುದು ಈ ಹಂತಕ್ಕೆ.

ಒಣ ಚರ್ಮಕ್ಕೆ ಎಣ್ಣೆ ಕಡಿಮೆಯಾಗಿದೆ, ಎಣ್ಣೆ ಕೊಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. 1952ರಲ್ಲಿ ಇರ್ವಿನ್ ಬ್ಲ್ಯಾಂಕ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಪರೀಕ್ಷೆಗೆ ಹಚ್ಚಿದರು. ಅವರು ಆರಿಸಿಕೊಂಡದ್ದು ಪಾದದಲ್ಲಿ ಬೆಳೆಯುವ ಜಡ್ಡುಗಟ್ಟಿದ ಚರ್ಮ. ಅದನ್ನು ಒಣಗಿಸಿದರೆ ಪಟ್ಟನೆ ಮುರಿಯುತ್ತದೆ. ಎಣ್ಣೆ, ಜಿಡ್ಡುಗಳಲ್ಲಿ ಎಷ್ಟು ಹೊತ್ತು ನೆನೆಸಿಟ್ಟರೂ ಅದು ಮೆತ್ತಗಾಗಲಿಲ್ಲ. ನೀರಿಗೆ ಹಾಕಿದರೆ ಮೆತ್ತಗಾಗಿ ಬಾಗಿತು. ಅಂದರೆ ಚರ್ಮವನ್ನು ಮೆದುವಾಗಿಡುವುದು ನೀರು. ಹಾಗಾದರೆ ಎಣ್ಣೆ ಹಚ್ಚಿದಾಗ ನಮಗೆ ಹಿತ ಎನಿಸುವುದು ಯಾಕೆ? ಎಣ್ಣೆ ನೀರನ್ನು ಹೊರಗೆ ಬಿಡದೆ ಒಳಗೇ ತಡೆಯುತ್ತದೆ, ಅದಕ್ಕೆ. ಇಂದಿಗೂ ಮಾಯಿಶ್ಚರೈಸರ್ ಕುರಿತ ಲೆಕ್ಕಾಚಾರವೆಲ್ಲ ಈ ಜಡ್ಡಿನ ತುಂಡಿನಿಂದಲೇ ಶುರುವಾಗುತ್ತದೆ.

ಹಾಗಂತ ಲೀಟರುಗಟ್ಟಲೆ ನೀರು ಕುಡಿದರೆ ಮುಖ ಮಿನುಗುತ್ತದೆ ಎಂದುಕೊಳ್ಳಬೇಡಿ. ಬಾಯಾರಿಕೆ ತೀರುವಷ್ಟು ಕುಡಿಯುವವರು ಅದರ ಮೇಲೆ ಇನ್ನೆರಡು ಬಾಟಲಿ ಕುಡಿದರೆ ಅದು ಹೋಗುವುದು ಮೂತ್ರಕ್ಕೆ. ಹೊರಪದರಕ್ಕೆ ನೀರು ಒಳಗಿನಿಂದ ಬರುತ್ತಲೇ ಇದೆ. ತೊಂದರೆ ಇರುವುದು ಅದು ನಿಲ್ಲದೇ ಇರುವುದರಲ್ಲಿ.

ಡಬ್ಬಿಯೊಳಗೆ ಇರುವುದು ಏನು

ಮುನ್ನೂರು ರೂಪಾಯಿಯದ್ದಿರಲಿ, ಮೂರು ಸಾವಿರದ್ದಿರಲಿ, ಕ್ರೀಮಿನಲ್ಲಿ ಕೆಲಸ ಮಾಡುವ ಸಾಮಾನುಗಳು ಮೂರು ಬಗೆ. ನೀರನ್ನು ಹಿಡಿಯುವವು, ಸಂದು ತುಂಬುವವು, ಮೇಲೆ ಮುಚ್ಚುವವು. ಉಳಿದದ್ದು ನೀರು, ಸುವಾಸನೆ, ಕೆಡದಂತೆ ಕಾಯುವ ರಾಸಾಯನಿಕ ಮತ್ತು ನೀರು-ಎಣ್ಣೆ ಬೇರೆಯಾಗದಂತೆ ಬೆರೆಸಿಡುವ ವಸ್ತು.

ನೀರು ಹಿಡಿಯುವವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ನಂಬಿಕಸ್ಥ, ಗ್ಲಿಸರಿನ್. ಸೋಪು ತಯಾರಿಸುವಾಗ ಜೊತೆಗೇ ಸಿಗುವ ವಸ್ತು ಇದು. ಔಷಧಿ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಆದರೆ ಗ್ಲಿಸರಿನ್ನನ್ನು ಹಾಗೇ ಮುಖಕ್ಕೆ ಬಳಿದುಕೊಳ್ಳಬಾರದು. ಅದು ಎಲ್ಲಿ ಸಿಕ್ಕರೆ ಅಲ್ಲಿಂದ ನೀರು ಎಳೆಯುತ್ತದೆ. ಮಂಗಳೂರಿನ ಗಾಳಿಯಲ್ಲಿ ತೇವ ಇದೆ, ಅಲ್ಲಿಂದ ಎಳೆದುಕೊಂಡೀತು. ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯಲ್ಲೇ ನೀರಿಲ್ಲ, ಆಗ ಚರ್ಮದ ಕೆಳಪದರದಿಂದಲೇ ಎಳೆಯುತ್ತದೆ. ಅದಕ್ಕೇ ಗ್ಲಿಸರಿನ್ ಹಚ್ಚಿದ ಮೇಲೆ ಮುಚ್ಚುವ ಜಿಡ್ಡು ಒಂದು ಬೇಕು. ಒಳ್ಳೆಯ ಕ್ರೀಮಿನಲ್ಲಿ ಎರಡೂ ಸೇರಿರುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ಲಿಸರಿನ್, ರೋಸ್ ವಾಟರ್, ನಿಂಬೆರಸ ಕಲಸಿ ಬಾಟಲಿಗೆ ತುಂಬಿಟ್ಟು ಹಚ್ಚುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಮೊದಲಿನ ಎರಡರ ಬಗ್ಗೆ ನನ್ನ ತಕರಾರಿಲ್ಲ. ನಿಂಬೆರಸ ಮಾತ್ರ ಬೇಡ. ಅದರ ಹುಳಿ ಚರ್ಮಕ್ಕೆ ವಿಪರೀತ. ಮೇಲಿಂದ, ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ಬೆಳ್ಳಗಾಗಲಿ ಅಂತ ಹಚ್ಚಿದ ಜಾಗದಲ್ಲಿ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು.

ಹೈಅಲುರಾನಿಕ್ ಆಸಿಡ್ ಇತ್ತೀಚೆಗೆ ಎಲ್ಲ ಸೀರಮ್ಮಿನ ಮೇಲೂ ರಾರಾಜಿಸುತ್ತಿದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ನಮ್ಮ ಚರ್ಮದ ಒಳಪದರದಲ್ಲೂ ಇದು ಇದೆ. ಆದರೆ ಹೊರಗಿನಿಂದ ಹಚ್ಚುವ ದೊಡ್ಡ ಅಣುಗಳು ಒಳಗೆ ಇಳಿಯುವುದಿಲ್ಲ, ಮೇಲೇ ಕೂತು ನೀರು ಹಿಡಿಯುತ್ತವೆ. ಅದು ಕೆಟ್ಟದ್ದೇನಲ್ಲ, ಮುಖ ಸ್ವಲ್ಪ ಹೊತ್ತು ತುಂಬಿಕೊಂಡ ಹಾಗೆ ಕಾಣುತ್ತದೆ. ಗ್ಲಿಸರಿನ್ ಮಾಡುವ ಕೆಲಸವೂ ಹತ್ತಿರಹತ್ತಿರ ಅದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಸಂದು ತುಂಬುವವುಗಳಲ್ಲಿ ಸೆರಮೈಡ್, ಕೆಲವು ಎಣ್ಣೆಗಳು, ಬೀಜದ ತುಪ್ಪಗಳು ಬರುತ್ತವೆ. ಮುಟ್ಟಿದರೆ ಚರ್ಮ ನುಣುಪು ಎನಿಸುವುದು ಇವುಗಳಿಂದ.

ಮುಚ್ಚುವವುಗಳ ದೊರೆ ಪೆಟ್ರೋಲಿಯಂ ಜೆಲ್ಲಿ. ಇದರ ಕತೆಯೂ ಮಜವಾಗಿದೆ. 1859ರಲ್ಲಿ ರಾಬರ್ಟ್ ಚೀಸ್‌ಬ್ರೋ ಎಂಬ ಯುವಕ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಣ್ಣೆಬಾವಿಗಳಿಗೆ ಹೋದ. ಕೊರೆಯುವ ಯಂತ್ರದ ಸಲಾಕೆಗೆ ಮೆತ್ತಿಕೊಳ್ಳುವ ಜಿಡ್ಡು ಕೆಲಸಗಾರರಿಗೆ ದೊಡ್ಡ ಕಾಟವಾಗಿತ್ತು. ಆದರೆ ಕೈ ಕುಯ್ದರೆ, ಸುಟ್ಟರೆ ಅವರು ಅದನ್ನೇ ಸವರಿಕೊಳ್ಳುತ್ತಿದ್ದರು. ಅವನು ಅದನ್ನು ಶುದ್ಧ ಮಾಡಿ 1872ರಲ್ಲಿ ವ್ಯಾಸಲಿನ್ ಎಂದು ಪೇಟೆಂಟ್ ಪಡೆದ. ದಿನಾ ಒಂದು ಚಮಚ ತಿನ್ನುತ್ತಿದ್ದನಂತೆ! ಬದುಕಿದ್ದು 96 ವರ್ಷ. ನೀವು ತಿನ್ನಬೇಡಿ. ಆದರೆ ಚರ್ಮದಿಂದ ನೀರು ಹೋಗದಂತೆ ತಡೆಯುವುದರಲ್ಲಿ ಇದನ್ನು ಮೀರಿಸುವ ವಸ್ತು ಸಿಗುವುದು ಕಷ್ಟ. ಅಂಟಂಟು ಎನಿಸುವುದೊಂದೇ ತೊಂದರೆ. ಮೊಡವೆ ಇಲ್ಲದ, ತೀರಾ ಒಣ ಮುಖದವರು ರಾತ್ರಿ ಮಲಗುವಾಗ ಕಡಲೆಕಾಳಿನಷ್ಟು ತೆಗೆದು, ಅಂಗೈಯಲ್ಲಿ ಬಿಸಿ ಮಾಡಿ, ಒದ್ದೆ ಮುಖದ ಮೇಲೆ ತೆಳ್ಳಗೆ ಒತ್ತಿಕೊಂಡರೆ ಬೆಳಿಗ್ಗೆ ವ್ಯತ್ಯಾಸ ಕಾಣುತ್ತದೆ.

ಒದ್ದೆ ಮುಖ ಅಂದೆನಲ್ಲ, ಅದು ಮುಖ್ಯ. ತೊಳೆದ ಮೇಲೆ ಟವೆಲ್ಲಿನಲ್ಲಿ ಉಜ್ಜಬೇಡಿ, ಒತ್ತಿ ತೆಗೆಯಿರಿ. ತೇವ ಇನ್ನೂ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಕ್ರೀಮ್ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಅಲ್ಲಿ ನೀರೇ ಕಡಿಮೆ.

ನಮ್ಮ ಎಣ್ಣೆಗಳು

ಕೊಬ್ಬರಿ ಎಣ್ಣೆ ಕೈಕಾಲಿಗೆ ಚೆನ್ನ. ಒಣ ಚರ್ಮದವರ ಮೇಲೆ ಅದನ್ನೂ ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲನ್ನೂ ಹೋಲಿಸಿ ನೋಡಿದ ಪ್ರಯೋಗ ಇದೆ. ಎರಡೂ ಸರಿಸಮ ಎಂದು ಕಂಡಿತು. ಮುಖದ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಿ. ಮೊಡವೆ ಬರುವ ಚರ್ಮಕ್ಕೆ ಅದು ರಂಧ್ರ ಕಟ್ಟಿಸಿ ಇನ್ನಷ್ಟು ಮೊಡವೆ ತರಬಹುದು. ಹದಿಹರೆಯದ ಮಕ್ಕಳ ಮುಖಕ್ಕೆ ಅಜ್ಜಿಯರು ಪ್ರೀತಿಯಿಂದ ಮೆತ್ತುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆಲಿವ್ ಎಣ್ಣೆ ದುಬಾರಿ, ಹಾಗಾಗಿ ಒಳ್ಳೆಯದೇ ಇರಬೇಕು ಎಂದು ನಂಬುವವರು ಬಹಳ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದಷ್ಟು ಜನರ ತೋಳಿಗೆ ಕೆಲವು ವಾರ ದಿನಕ್ಕೆರಡು ಸಲ ಕೆಲವೇ ಹನಿ ಹಚ್ಚಿಸಿ ಅಳೆದರು. ಆಲಿವ್ ಎಣ್ಣೆ ಹಚ್ಚಿದಲ್ಲಿ ಗೋಡೆ ಸಡಿಲವಾಗಿತ್ತು, ಸ್ವಲ್ಪ ಕೆಂಪಾಗಿಯೂ ಇತ್ತು. ಸೂರ್ಯಕಾಂತಿ ಎಣ್ಣೆ ಹಚ್ಚಿದಲ್ಲಿ ಗೋಡೆ ಹಾಗೇ ಉಳಿದಿತ್ತು. ಆಲಿವ್‌ನಲ್ಲಿ ಓಲಿಕ್ ಆಮ್ಲ ಜಾಸ್ತಿ, ಅದು ಗಾರೆಯ ಸಾಲನ್ನು ಕದಡುತ್ತದೆ. ಸೂರ್ಯಕಾಂತಿಯಲ್ಲಿರುವ ಲಿನೋಲಿಕ್ ಆಮ್ಲ ಚರ್ಮ ತನ್ನ ಸೆರಮೈಡ್ ಕಟ್ಟಿಕೊಳ್ಳಲು ಬಳಸುವ ವಸ್ತು. ಅಧ್ಯಯನ ಸಣ್ಣದು, ನಿಜ. ಆದರೂ ಬೆಲೆ ನೋಡಿ ಎಣ್ಣೆ ಆರಿಸುವುದು ದಡ್ಡತನ ಎನ್ನಲು ಇಷ್ಟು ಸಾಕು.

ಉತ್ತರ ಕನ್ನಡ, ಮಲೆನಾಡಿನ ಮನೆಗಳಲ್ಲಿ ಮುರುಗಲ ತುಪ್ಪ ಇರುತ್ತದೆ. ಮುರುಗಲು ಹಣ್ಣಿನ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋದ ಮೇಲೆ ಉಳಿದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು ಉಂಡೆ ಮಾಡಿಡುತ್ತಾರೆ. ಮಾಮೂಲಿ ಸೆಕೆಯಲ್ಲಿ ಅದು ಗಟ್ಟಿಯಾಗಿಯೇ ಇರುತ್ತದೆ, ಚರ್ಮಕ್ಕೆ ತಾಗಿಸಿ ಉಜ್ಜಿದರೆ ಕರಗುತ್ತದೆ. ಹಿಮ್ಮಡಿ ಒಡೆದರೆ, ತುಟಿ ಒಡೆದರೆ ಇದೇ ಮದ್ದು. ಇದೇ ತುಪ್ಪ 'ಕೋಕಂ ಬಟರ್' ಎಂಬ ಹೆಸರಲ್ಲಿ ವಿದೇಶದ ಕ್ರೀಮುಗಳ ಡಬ್ಬಿಯೊಳಗೂ ಸೇರಿಕೊಂಡಿದೆ. ಸಿರ್ಸಿ ಕಡೆ ನೆಂಟರಿದ್ದರೆ ಕೇಳಿ ತರಿಸಿಕೊಳ್ಳಿ.

ಹಾಲಿನ ಕೆನೆ, ಬೆಣ್ಣೆ ಹಚ್ಚಿದರೂ ಮುಚ್ಚುವ ಕೆಲಸ ನಡೆಯುತ್ತದೆ, ವಾಸನೆ ಸಹಿಸಿಕೊಳ್ಳುವುದಾದರೆ. ಲೋಳೆಸರ ತಂಪು ಕೊಡುತ್ತದೆ, ನೀರೂ ಕೊಡುತ್ತದೆ. ಆದರೆ ಮುಚ್ಚುವುದಿಲ್ಲ, ಹಚ್ಚಿದ ಸ್ವಲ್ಪ ಹೊತ್ತಿಗೇ ಬಿಗಿಯುತ್ತದೆ. ಕೆಲವರಿಗೆ ತುರಿಕೆಯನ್ನೂ ತರುತ್ತದೆ.

ಗೋಡೆ ಕೆಡವುವುದು ಯಾರು

ಮುಕ್ಕಾಲು ಪಾಲು ಸಂದರ್ಭದಲ್ಲಿ ನಾವೇ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ 5ರ ಆಸುಪಾಸು. ಮಾಮೂಲಿ ಸ್ನಾನದ ಸೋಪು ಕ್ಷಾರ, ಅದರ ಪಿಎಚ್ 9ರಿಂದ 10. ಕೊಳೆಯ ಜೊತೆಗೆ ಗಾರೆಯ ಕೊಬ್ಬನ್ನೂ ಅದು ಒಂದಿಷ್ಟು ತೊಳೆದುಕೊಂಡು ಹೋಗುತ್ತದೆ. ಗೋಡೆ ರಿಪೇರಿ ಮಾಡುವ ಕಿಣ್ವಗಳಿಗೆ ಹುಳಿ ವಾತಾವರಣವೇ ಬೇಕು, ಹಾಗಾಗಿ ರಿಪೇರಿಯೂ ತಡವಾಗುತ್ತದೆ. 'ಟಿಎಫ್ಎಂ ಜಾಸ್ತಿ ಇರುವ ಸೋಪು ಮೃದು' ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತು ಪೂರ್ತಿ ಸರಿಯಲ್ಲ. ಆ ಅಂಕಿ ಸೋಪಿನಲ್ಲಿ ಕೊಬ್ಬಿನ ವಸ್ತು ಎಷ್ಟಿದೆ, ಅಂದರೆ ಸೋಪು ಎಷ್ಟು ಗಟ್ಟಿ ಸರಕು ಎಂಬುದನ್ನು ಹೇಳುತ್ತದೆ. ಮುಖಕ್ಕೆ ಎಷ್ಟು ಹಿತ ಎಂಬುದನ್ನಲ್ಲ. ಸೋಪೇ ಅಲ್ಲದ, ಪಿಎಚ್ 5.5ರ ಆಸುಪಾಸಿನ ಕ್ಲೆನ್ಸರ್‌ಗಳು ಮುಖಕ್ಕೆ ವಾಸಿ. ಅವು ಬುರುಬುರು ನೊರೆ ಕೊಡುವುದಿಲ್ಲ, ತೊಳೆದ ಮೇಲೆ ಕಿರ್ರೆಂದು ಸದ್ದೂ ಬರುವುದಿಲ್ಲ. ಆ ಸದ್ದು ಬರುವಷ್ಟು ತೊಳೆದಿರಿ ಅಂದರೆ ಜಾಸ್ತಿ ತೊಳೆದಿರಿ ಅಂತಲೇ ಅರ್ಥ.

ಬಿಸಿನೀರು ಇನ್ನೊಂದು. ಹಂಡೆಯ ಸುಡುಸುಡು ನೀರು ಬೆನ್ನಿಗೆ ಸುಖ, ಮುಖಕ್ಕೆ ಶಿಕ್ಷೆ. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಮುಖವನ್ನು ಗಸಗಸ ಉಜ್ಜುವುದೂ ಅಷ್ಟೇ. ದಿನಾ ಗಡ್ಡ ಕೆರೆಯುವ ಗಂಡಸರು ಬ್ಲೇಡಿನ ಜೊತೆ ಹೊರಪದರವನ್ನೂ ಒಂದಿಷ್ಟು ಕೆರೆದು ತೆಗೆಯುತ್ತಾರೆ. ಅವರು ಆಮೇಲೆ ಹಚ್ಚುವುದು ಉರಿಯುವ ಆಫ್ಟರ್‌ಶೇವ್. ಕ್ರೀಮ್ ಹೆಂಗಸರ ಸಾಮಾನು ಎಂದುಕೊಂಡಿರುವ ಅವರಿಗೇ ಅದು ಎಲ್ಲರಿಗಿಂತ ಜಾಸ್ತಿ ಬೇಕು, ಅಲ್ವಾ?

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಉಡುಪಿ, ಕಾರವಾರದಲ್ಲಿ ತೆಳ್ಳನೆಯ ಜೆಲ್ ಸಾಕು. ಬೆಂಗಳೂರು ತಂಪು ಊರು ಎಂಬ ಹೆಸರಿದ್ದರೂ ಮಾರ್ಚ್ ಮಧ್ಯಾಹ್ನ ಅಲ್ಲಿಯ ಗಾಳಿಯ ತೇವಾಂಶ ಶೇ. 30ರ ಹತ್ತಿರಕ್ಕೆ ಇಳಿಯುತ್ತದೆ. ಅದರ ಮೇಲೆ ದಿನವಿಡೀ ಏಸಿ. ಮಂಗಳೂರಿನಿಂದ ಕೆಲಸಕ್ಕೆ ಬಂದವರಿಗೆ ಮೊದಲ ವರ್ಷ ಮುಖ ಯಾಕೆ ಹೀಗಾಯಿತು ಎಂದೇ ತಿಳಿಯುವುದಿಲ್ಲ. ನೀರು ಬದಲಾಯಿತು ಎನ್ನುತ್ತಾರೆ. ಬದಲಾದದ್ದು ಗಾಳಿಯೂ ಹೌದು. ಶಿಕಾಗೊ, ಟೊರಾಂಟೊಗೆ ಹೋದ ಕನ್ನಡಿಗರ ಪಾಡು ಇನ್ನೂ ಕಷ್ಟ. ಹೊರಗೆ ಹಿಮ, ಒಳಗೆ ಹೀಟರ್ ಒಣಗಿಸಿದ ಗಾಳಿ. ಅಲ್ಲಿ ಲೋಶನ್ ಸಾಲದು, ದಪ್ಪ ಕ್ರೀಮ್ ಅಥವಾ ಮುಲಾಮು ಬೇಕು, ಕೋಣೆಗೆ ತೇವ ಕೊಡುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು.

ಮುಖ ಎಣ್ಣೆಯೆಣ್ಣೆ ಇದ್ದರೆ ಕ್ರೀಮ್ ಬೇಡ ಎಂಬುದೂ ಪೂರ್ತಿ ನಿಜವಲ್ಲ. ಮೂಗು, ಹಣೆಯ ಮೇಲೆ ಜಿನುಗುವ ಜಿಡ್ಡು ಬೇರೆ, ಗೋಡೆಯೊಳಗಿನ ಗಾರೆ ಬೇರೆ. ಜಿಡ್ಡಿದ್ದೂ ಒಣಗಿದ ಮುಖ ಇರುತ್ತದೆ. ಮೊಡವೆಗೆ ಔಷಧಿ ಹಚ್ಚುವವರಲ್ಲಿ ಇದು ತೀರಾ ಸಾಮಾನ್ಯ.

ಟ್ಯೂಬಿನ ಹಿಂಬದಿ

ಕ್ರೀಮ್ ಕೊಳ್ಳುವಾಗ ಮುಂಭಾಗದ ದೊಡ್ಡ ಅಕ್ಷರ ಬಿಡಿ, ಹಿಂದೆ ಇರುವೆ ಸಾಲಿನಂಥ ಅಕ್ಷರ ಓದಿ. ವಸ್ತುಗಳ ಪಟ್ಟಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಹೋಗುತ್ತದೆ. ಮೊದಲ ಹೆಸರು ಬಹುತೇಕ 'ಆಕ್ವಾ', ಅಂದರೆ ನೀರು. ಎರಡನೆಯದೋ ಮೂರನೆಯದೋ ಗ್ಲಿಸರಿನ್ ಆಗಿದ್ದರೆ ಒಳ್ಳೆಯ ಲಕ್ಷಣ. ಕೆಳಗೆ ಎಲ್ಲೋ 'ಫಿನಾಕ್ಸಿಎಥನಾಲ್' ಎಂದು ಕಾಣುತ್ತದೆ. ಅದು ಕ್ರೀಮ್ ಕೆಡದಂತೆ ಹಾಕುವ ವಸ್ತು, ಸಾಮಾನ್ಯವಾಗಿ ಶೇ. 1ಕ್ಕಿಂತ ಜಾಸ್ತಿ ಹಾಕುವುದಿಲ್ಲ. ಶೇ. 1ಕ್ಕಿಂತ ಕಡಿಮೆ ಇರುವವುಗಳನ್ನು ಹೇಗೆ ಬೇಕಾದರೂ ಸಾಲು ಹಚ್ಚಬಹುದು. ಹಾಗಾಗಿ ಮುಂಭಾಗದಲ್ಲಿ ಕೇಸರಿಯ ಚಿತ್ರವಿದ್ದು, ಹಿಂಬದಿಯಲ್ಲಿ ಕೇಸರಿಯ ಹೆಸರು ಫಿನಾಕ್ಸಿಎಥನಾಲ್ ಆದ ಮೇಲೆ ಬಂದರೆ ಕೇಸರಿ ಇರುವುದು ಚಿತ್ರಕ್ಕಷ್ಟೇ. ಸೆರಮೈಡ್, ಮುಂದೆ ಹೇಳಲಿರುವ ರೆಟಿನಾಲ್‌ನಂಥವಕ್ಕೆ ಈ ಲೆಕ್ಕ ಹಾಕಬೇಡಿ, ಅವು ಸ್ವಲ್ಪದರಲ್ಲೇ ಕೆಲಸ ಮಾಡುತ್ತವೆ. ಸುವಾಸನೆ ಇರುವ ಕ್ರೀಮ್ ಹಚ್ಚಿ ಮುಖ ತುರಿಸಿದರೆ ಮೊದಲು ಅನುಮಾನಿಸಬೇಕಾದ್ದು ಆ ಸುವಾಸನೆಯನ್ನೇ. 'ನೈಸರ್ಗಿಕ' ಎಂದಿದ್ದರೂ ಅಷ್ಟೇ.

ಇನ್ನು ಸುಕ್ಕು

ನಿಜವಾದ ಸುಕ್ಕು ಹುಟ್ಟುವುದು ಈ ಗೋಡೆಯಲ್ಲಿ ಅಲ್ಲ, ಅದಕ್ಕಿಂತ ಬಹಳ ಕೆಳಗೆ. ಅಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳಿವೆ. ಚರ್ಮಕ್ಕೆ ಗಟ್ಟಿತನ ಕೊಡುವುದು ಮೊದಲಿನದು, ಎಳೆದು ಬಿಟ್ಟರೆ ಮತ್ತೆ ಜಾಗಕ್ಕೆ ಬರುವಂತೆ ಮಾಡುವುದು ಎರಡನೆಯದು. ವಯಸ್ಸಾದಂತೆ ಕೊಲಾಜೆನ್ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಕೆಲವು ವರ್ಷ ಇದು ವೇಗವಾಗಿ ಇಳಿಯುತ್ತದೆ, ಜೊತೆಗೆ ಜಿಡ್ಡೂ ಕಡಿಮೆಯಾಗುತ್ತದೆ. ಐವತ್ತರ ಸುಮಾರಿಗೆ 'ಇದ್ದಕ್ಕಿದ್ದಂತೆ ಮುಖ ಇಳಿದುಹೋಯಿತು' ಎಂದು ಅಮ್ಮಂದಿರು ಹೇಳುವುದು ಬರೀ ಭಾವನೆಯಲ್ಲ.

ಹಾಗಾದರೆ ಕೊಲಾಜೆನ್ ಇರುವ ಕ್ರೀಮ್ ಹಚ್ಚಿದರೆ? ಚರ್ಮದ ಗೋಡೆ ದಾಟಬೇಕಾದರೆ ಅಣು ಚಿಕ್ಕದಿರಬೇಕು, ತೂಕ ಸುಮಾರು 500 ಡಾಲ್ಟನ್ ಒಳಗೆ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ). ಕೊಲಾಜೆನ್ ಅಣುವಿನ ತೂಕ ಹತ್ತಿರಹತ್ತಿರ 3 ಲಕ್ಷ ಡಾಲ್ಟನ್. ಒಳಗೆ ಹೋಗುವ ಮಾತೇ ಇಲ್ಲ. ಮೇಲೆ ಕೂತು ಒಂದಿಷ್ಟು ನೀರು ಹಿಡಿದೀತು, ಆ ಕೆಲಸಕ್ಕೆ ಗ್ಲಿಸರಿನ್ ಇತ್ತು.

ಬಿಸಿಲಿಗೆ ಒಡ್ಡಿಕೊಂಡ ಮುಖಕ್ಕೂ ಬಟ್ಟೆಯೊಳಗಿನ ಚರ್ಮಕ್ಕೂ ಇರುವ ವ್ಯತ್ಯಾಸ ನೋಡಬೇಕಾದರೆ ಹೊಲದಲ್ಲಿ ದುಡಿದ ಯಾರಾದರೂ ಹಿರಿಯರ ಕತ್ತಿನ ಹಿಂಭಾಗ ನೋಡಿ, ಆಮೇಲೆ ತೋಳಿನ ಒಳಭಾಗ ನೋಡಿ. ವಯಸ್ಸು ಒಂದೇ, ಚರ್ಮ ಎರಡು ಥರ. 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದು 69 ವರ್ಷದ ಅಮೆರಿಕದ ಲಾರಿ ಚಾಲಕರೊಬ್ಬರ ಮುಖದ ಫೋಟೊ ಪ್ರಕಟಿಸಿತು. 28 ವರ್ಷ ವಾಹನ ಓಡಿಸಿದವರು. ಅಲ್ಲಿ ಚಾಲಕ ಕೂರುವುದು ಎಡಗಡೆ, ಕಿಟಕಿ ಇರುವುದೂ ಎಡಕ್ಕೆ. ಮುಖದ ಎಡ ಅರ್ಧ ಆಳವಾದ ನೆರಿಗೆ, ಜೋತ ಚರ್ಮ. ಬಲ ಅರ್ಧ ಎಷ್ಟೋ ವರ್ಷ ಚಿಕ್ಕವರದ್ದು ಎನ್ನುವ ಹಾಗಿತ್ತು. ಬಿಸಿಲಿನಲ್ಲಿ ಯುವಿಎ, ಯುವಿಬಿ ಎಂಬ ಕಣ್ಣಿಗೆ ಕಾಣದ ಕಿರಣಗಳಿವೆ. ಚರ್ಮ ಸುಡುವ ಯುವಿಬಿಯನ್ನು ಗಾಜು ತಡೆಯುತ್ತದೆ, ಯುವಿಎ ಮಾತ್ರ ದಾಟಿ ಬರುತ್ತದೆ. ಆಳಕ್ಕೆ ಇಳಿದು ಕೊಲಾಜೆನ್ ನಾರು ಕತ್ತರಿಸುವುದು ಅದೇ. ನಮ್ಮಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಬಸ್ಸು, ಕ್ಯಾಬ್ ಓಡಿಸುವವರು ತಮ್ಮ ಬಲಗೆನ್ನೆಯನ್ನೊಮ್ಮೆ ನೋಡಿಕೊಳ್ಳಬಹುದು.

ಕಂದು ಚರ್ಮದ ನಮಗೆ ಒಂದು ಅನುಕೂಲವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇರುವುದರಿಂದ ಸುಕ್ಕು ಬಿಳಿಯರಿಗಿಂತ ತಡವಾಗಿ ಬರುತ್ತದೆ. ಆದರೆ ಬಿಸಿಲಿನ ಗುರುತು ನಮ್ಮಲ್ಲಿ ಮೊದಲು ಬಣ್ಣದಲ್ಲಿ ಕಾಣುತ್ತದೆ. ಕೆನ್ನೆಯ ಮೇಲೆ ಬಂಗು, ಹಣೆಯ ಅಂಚು ಕಪ್ಪು, ಅಲ್ಲಲ್ಲಿ ಚುಕ್ಕೆ. ವಯಸ್ಸು ತೋರಿಸುವುದರಲ್ಲಿ ಇವು ಸುಕ್ಕಿಗಿಂತ ಮುಂದು. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣವಾಗುತ್ತದೆ, ಅದಕ್ಕೇ ವೈದ್ಯರು ಐರನ್ ಆಕ್ಸೈಡ್ ಇರುವ, ಸ್ವಲ್ಪ ಬಣ್ಣದ ಸನ್‌ಸ್ಕ್ರೀನ್ ಬರೆದುಕೊಡುತ್ತಾರೆ.

ಸನ್‌ಸ್ಕ್ರೀನ್ ನಿಜಕ್ಕೂ ಕೆಲಸ ಮಾಡುತ್ತದಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಊರಿನಲ್ಲಿ 55 ವರ್ಷದ ಒಳಗಿನ ಸುಮಾರು 900 ಜನರ ಮೇಲೆ ನಾಲ್ಕೂವರೆ ವರ್ಷ ಪರೀಕ್ಷೆ ನಡೆಯಿತು. ಕೆಲವರು ದಿನಾ ಹಚ್ಚಬೇಕು, ಉಳಿದವರು ಮನಸ್ಸು ಬಂದಾಗ. ಕೈಯ ಮೇಲ್ಭಾಗದ ಚರ್ಮದ ಅಚ್ಚು ತೆಗೆದು ಹೋಲಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ದಿನಾ ಹಚ್ಚಿದವರಲ್ಲಿ ಚರ್ಮಕ್ಕೆ ವಯಸ್ಸಾಗುವುದು ಶೇ. 24ರಷ್ಟು ಕಡಿಮೆ ಇತ್ತು. ಯಾವ ದುಬಾರಿ ನೈಟ್ ಕ್ರೀಮಿಗೂ ಇಂಥ ಪರೀಕ್ಷೆಯ ಬಲ ಇರುವುದನ್ನು ನಾನು ಕಂಡಿಲ್ಲ.

ಆದರೆ ಹಚ್ಚುವ ಪ್ರಮಾಣದಲ್ಲಿ ನಾವೆಲ್ಲ ಜಿಪುಣರು. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಸನ್‌ಸ್ಕ್ರೀನ್ ಮುಖ ಮತ್ತು ಕತ್ತಿಗೆ ಬೇಕು. ಅದರಲ್ಲಿ ಕಾಲು ಭಾಗ ಹಚ್ಚಿ 'ಎಸ್‌ಪಿಎಫ್ 50 ಹಚ್ಚಿದ್ದೇನೆ' ಎಂದರೆ ಸಿಗುವ ರಕ್ಷಣೆ ಅದಲ್ಲ. ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಯುವಿಬಿಯನ್ನು ಶೇ. 97ರಷ್ಟು ತಡೆಯುತ್ತದೆ, 50 ಆದರೆ ಶೇ. 98. ವ್ಯತ್ಯಾಸ ಇಷ್ಟೇ. ಯುವಿಎಗೆ ಡಬ್ಬಿಯ ಮೇಲೆ 'ಪಿಎ' ಮುಂದೆ ಎಷ್ಟು ಪ್ಲಸ್ ಇವೆ ನೋಡಿ, ಮೂರಾದರೂ ಇರಲಿ. ಬೆಳಿಗ್ಗೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇದು. ಬಿಸಿಲಲ್ಲಿ ತಿರುಗುವವರು ಎರಡು ಮೂರು ಗಂಟೆಗೊಮ್ಮೆ ಮತ್ತೆ. ಅದಾಗದಿದ್ದರೆ ಕೊಡೆ, ಟೋಪಿ, ತಲೆಗೆ ಸೆರಗು. ಇವೂ ಬಿಸಿಲನ್ನು ಒಂದಿಷ್ಟು ತಡೆಯುತ್ತವೆ.

ಈಗಾಗಲೇ ಬಂದ ಸುಕ್ಕಿನ ಮೇಲೆ ಸ್ವಲ್ಪವಾದರೂ ಕೆಲಸ ಮಾಡುವವುಗಳಲ್ಲಿ ಎ ಜೀವಸತ್ವದ ಮನೆತನದವು ಮುಂದಿವೆ. ಟ್ರೆಟಿನಾಯ್ನ್ ಬಿಸಿಲಿನಿಂದ ಕೆಟ್ಟ ಚರ್ಮವನ್ನು ಸುಧಾರಿಸುತ್ತದೆ ಎಂದು ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ತಂಡ 1986ರಲ್ಲಿ ತೋರಿಸಿತು. ಅದು ವೈದ್ಯರ ಚೀಟಿ ಬೇಕಾದ ಔಷಧಿ. ಶುರುವಿನಲ್ಲಿ ಮುಖ ಸುಲಿಯುತ್ತದೆ, ಬಿಸಿಲು ಸಹಿಸುವುದಿಲ್ಲ, ಗರ್ಭಿಣಿಯರು ಮುಟ್ಟಬಾರದು. ಅಂಗಡಿಯಲ್ಲಿ ಸಿಗುವ ರೆಟಿನಾಲ್ ಅದರ ಸೌಮ್ಯ ತಂಗಿ, ಗರ್ಭಿಣಿಯರಿಗೆ ಅದೂ ಬೇಡ. ಬಿ3 ಜೀವಸತ್ವದ ಒಂದು ರೂಪವಾದ ನಿಯಾಸಿನಮೈಡ್ ಇನ್ನೂ ಸಾಧು. ಶೇ. 2ರಿಂದ 5ರಷ್ಟಿದ್ದರೆ ಚರ್ಮ ತಾನೇ ಸೆರಮೈಡ್ ಕಟ್ಟಿಕೊಳ್ಳಲು ನೆರವಾಗುತ್ತದೆ, ಕಲೆಯನ್ನೂ ಕೊಂಚ ತಿಳಿಯಾಗಿಸುತ್ತದೆ.

ಕ್ರೀಮ್ ಹೆಸರಿನಲ್ಲಿ ಸ್ಟಿರಾಯ್ಡ್

ಇದು ಬರೆಯದೆ ಬಿಡಲಾಗದ ವಿಷಯ. 'ಮೆಡಿಕಲ್‌ನಲ್ಲಿ ಒಂದು ಕ್ರೀಮ್ ಸಿಗುತ್ತೆ ಕಣೇ, ವಾರದಲ್ಲೇ ಮುಖ ತಿಳಿಯಾಗುತ್ತೆ' ಎಂದು ಗೆಳತಿಯೊಬ್ಬಳು ಹೇಳುತ್ತಾಳೆ. ತಂದು ಹಚ್ಚಿದರೆ ನಿಜವಾಗಿಯೂ ಹಾಗೇ ಆಗುತ್ತದೆ. ಅದರಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಇರುತ್ತದೆ, ಅಂದರೆ ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳ ಕೆಂಪು ಗೆರೆಗಳಾಗಿ ಕಾಣುತ್ತವೆ. ಮೊಡವೆ ಏಳುತ್ತವೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ, ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹಾಗಾಗಿ ಬಿಡಲಾಗುವುದಿಲ್ಲ. ಸುಕ್ಕು ಬರದಿರಲಿ ಎಂದು ಹಚ್ಚಿದವರ ಚರ್ಮ ಹೊತ್ತಿಗೆ ಮುಂಚೆಯೇ ಮುದಿಯಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಕೌಂಟರಿನಲ್ಲಿ ಕೇಳಿದರೆ ಈಗಲೂ ಕೊಡುವವರಿದ್ದಾರೆ.

ಹೆಸರಿಲ್ಲದ, ಯಾರು ತಯಾರಿಸಿದ್ದು ಎಂದೇ ಬರೆಯದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರಬಹುದು. ಕೇರಳದ ಮಲಪ್ಪುರಂ ಭಾಗದಲ್ಲಿ 2023ರಲ್ಲಿ ಇಂಥ ಕ್ರೀಮ್ ಹಚ್ಚಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಬೆಳಕಿಗೆ ಬಂದವು.

ಈಗಾಗಲೇ ಸ್ಟಿರಾಯ್ಡ್ ಕ್ರೀಮ್ ಹಚ್ಚುತ್ತಿದ್ದರೆ ಗಾಬರಿಯಿಂದ ಒಂದೇ ಸಲಕ್ಕೆ ನಿಲ್ಲಿಸುವ ಮೊದಲು ಚರ್ಮದ ವೈದ್ಯರನ್ನು ಕಾಣಿ. ಹೋಗುವಾಗ ಟ್ಯೂಬನ್ನು ಜೊತೆಗೆ ತೆಗೆದುಕೊಂಡು ಹೋಗಿ, ಖಾಲಿಯಾಗಿದ್ದರೂ ಪರವಾಗಿಲ್ಲ. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಹೇಗೆ ಬಿಡಿಸಬೇಕು, ಎಷ್ಟು ವಾರ ತೆಗೆದುಕೊಳ್ಳಬೇಕು ಎಂಬುದನ್ನು ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ. ಅಲ್ಲಿಯತನಕ ಮುಖಕ್ಕೆ ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಮತ್ತು ನೆರಳು ಸಾಕು. ಫೇಶಿಯಲ್, ಬ್ಲೀಚ್, ಸ್ಕ್ರಬ್ ಯಾವುದೂ ಬೇಡ, ಮದುವೆ ಮುಂದಿದ್ದರೂ ಬೇಡ.